ಲಿನಕ್ಸ್‌ನಲ್ಲಿ ಡಿಸ್ಕ್ ಡ್ರೈವರ್‌ನ ಆಯ್ಕೆ

ಲಿನಕ್ಸ್ ಕರ್ನೆಲ್ ಹಾಗೂ ಡಿಸ್ಕ್ ನಿಯಂತ್ರಕದ ನಡುವಿನ ವ್ಯವಹಾರವನ್ನು ನಡೆಸುವ ತಂತ್ರಾಂಶವೇ ಡಿಸ್ಕ್ ಡ್ರೈವರ್. ಹಳೆಯ ಲ್ಯಾಪ್‌ಟಾಪ್‌ನ ಡಿಸ್ಕ್ ತೀರ ನಿಧಾನವಾಗಿದ್ದರೆ ದೋಷವು ಡಿಸ್ಕ್‌ನಲ್ಲಿರದೆ ಡ್ರೈವರ್‌ನ ಆಯ್ಕೆಯಲ್ಲಿರಬಹುದು. ಹೊಸ ಡಿಸ್ಕ್ ಅರಸಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೊರಡುವ ಮುನ್ನ ಇದನ್ನು ಪರೀಕ್ಷಿಸುವುದು ಲೇಸು.

ಡಿಎಂಎ ವಿಧಾನದಲ್ಲಿ ನಿಯಂತ್ರಕವು ದತ್ತಾಂಶವನ್ನು ನೇರವಾಗಿ ಸ್ಮೃತಿಗೆ ಸಾಗಿಸುತ್ತದೆ. ಪಿಐಒ ವಿಧಾನದಲ್ಲಿ ಆ ಕೆಲಸವನ್ನೆಲ್ಲ ಸಿಪಿಯು ತಾನೇ ಮಾಡಬೇಕು. ಅಲ್ಟ್ರಾ ಡಿಎಂಎ 5ರ ಗರಿಷ್ಠ ವೇಗ ಸೆಕೆಂಡಿಗೆ 100 ಮೆಗಾಬೈಟ್‌ಗಳಾದರೆ ಪಿಐಒ 4ರದ್ದು 16.7 ಮಾತ್ರ. ಕಡತಗಳನ್ನು ನಕಲಿಸುವಾಗ ಮೌಸ್ ಕೂಡ ತಡವರಿಸುವುದು ಪಿಐಒದ ಲಕ್ಷಣ.

ಕಂಪ್ಯೂಟರ್ ಆರಂಭವಾಗುವಾಗ ಸಾಮಾನ್ಯ ಐಡಿಇ ಡ್ರೈವರ್ ಮೊದಲು ಬಂದು ನಿಯಂತ್ರಕವನ್ನು ವಶಪಡಿಸಿಕೊಂಡರೆ ಡಿಎಂಎ ದೊರೆಯುವುದಿಲ್ಲ. ಎಚ್‌ಡಿಪಾರ್ಮ್‌ನಿಂದ ಡಿಎಂಎಯನ್ನು ಚಾಲೂ ಮಾಡುವ ಪ್ರಚಲಿತ ಸಲಹೆಯೂ ಇಲ್ಲಿ ನಿಷ್ಫಲ, ಏಕೆಂದರೆ ಆ ಡ್ರೈವರ್‌ಗೆ ಅಂತಹ ಸಾಮರ್ಥ್ಯವೇ ಇಲ್ಲ. ಚಿಪ್‌ಸೆಟ್‌ಗೆ ತಕ್ಕ ಡ್ರೈವರ್ ಮೊದಲು ಬರುವಂತೆ ಮಾಡುವುದೇ ಪರಿಹಾರ: ಇಂಟೆಲ್ ಚಿಪ್‌ಸೆಟ್‌ಗಳಿಗೆ ಎಟಿಎ-ಪಿಐಐಎಕ್ಸ್, ಬಯಾಸ್‌ನಲ್ಲಿ ಎಎಚ್‌ಸಿಐ ಆಯ್ಕೆಯಿದ್ದರೆ ಅದೇ ಹೆಸರಿನ ಡ್ರೈವರ್.

ಈ ಬದಲಾವಣೆಯಲ್ಲಿ ಎಚ್ಚರ ಅಗತ್ಯ. ಇವೆರಡೂ ಲಿಬಾಟಾ ಸಮೂಹದ ಡ್ರೈವರ್‌ಗಳಾದ್ದರಿಂದ ಎಚ್‌ಡಿಎ ಎಂದಿದ್ದ ಡಿಸ್ಕ್‌ನ ಹೆಸರು ಎಸ್‌ಡಿಎ ಆಗುತ್ತದೆ. ಎಫ್‌ಎಸ್‌ಟ್ಯಾಬ್ ಕಡತದಲ್ಲೂ ಬೂಟ್ ಲೋಡರ್‌ನಲ್ಲೂ ಹಳೆಯ ಹೆಸರು ಉಳಿದಿದ್ದರೆ, ಅಥವಾ ಹೊಸ ಡ್ರೈವರ್ ಇನಿಟ್‌ರ‍್ಯಾಮ್‌ಎಫ್‌ಎಸ್‌ನಲ್ಲಿ ಸೇರಿರದಿದ್ದರೆ, ಮೂಲ ವಿಭಾಗ ಸಿಗದೆ ಲ್ಯಾಪ್‌ಟಾಪ್ ಆರಂಭವೇ ಆಗದು. ಹೆಸರಿನ ಬದಲು ಯುಯುಐಡಿ ಬಳಸಿದರೆ ಹೆಸರಿನ ತೊಡಕಾದರೂ ತಪ್ಪುತ್ತದೆ.

ಜೆಫ್ ಗಾರ್ಜಿಕ್ ರೂಪಿಸಿದ ಲಿಬಾಟಾ, 2006ರ 2.6.19 ಆವೃತ್ತಿಯಲ್ಲಿ ಸಮಾಂತರ ಎಟಿಎ ಡಿಸ್ಕ್‌ಗಳಿಗೂ ವಿಸ್ತರಿಸಿತು. ಹಳೆಯ ಐಡಿಇ ಡ್ರೈವರ್‌ಗಳನ್ನು 2021ರ 5.14 ಆವೃತ್ತಿಯಲ್ಲಿ ಕರ್ನೆಲ್‌ನಿಂದ ತೆಗೆದುಹಾಕಲಾಯಿತು.