ಕೊರಳ ಕಾಲುವೆ, ಕಣ್ಣ ಹೊಲ

ಹಾರೂಗೇರಿಯ ಕಬ್ಬು-ಅರಿಸಿನದ ಹೊಲಗಳ ನಡುವೆ ಬೆಳೆದವನಿಗೆ ಕಾಲುವೆಯ ನೀತಿಯನ್ನು ಬೇರೆಯವರು ಕಲಿಸಬೇಕಾಗಿಲ್ಲ. ಮೇಲೆಲ್ಲೋ ನೀರು ಕಟ್ಟಿಕೊಂಡರೆ ಮೊದಲು ಒಣಗುವುದು ದಿಬ್ಬದ ಹೊಲ. ಈ ಮಾತು ಮನುಷ್ಯನ ಕಣ್ಣಿಗೂ ಸಲ್ಲುತ್ತದೆಂಬುದನ್ನು ನಾನು ತಿಳಿದದ್ದು ತಡವಾಗಿ.

ಒಂದು ಮುಂಜಾನೆ ಹೊಲದಿಂದ ಬಂದ ನಮ್ಮ ಕಾಕಾ, "ಎಡಗಣ್ಣಿಗೆ ನಾಟಕದ ಪರದೆ ಇಳಿಬಿಟ್ಟಂಗಾತ ನೋಡಪಾ; ಐದು ನಿಮಿಷಕ್ಕ ಮತ್ತ ಮ್ಯಾಲ ಹೋತು" ಎಂದು ನಕ್ಕರು. ನೋವೇನೂ ಇರಲಿಲ್ಲ. ಬೀಳಗಿಯಲ್ಲಿ ಹುಟ್ಟಿದ, 2005ರಲ್ಲಿ ತೀರಿಕೊಂಡ ಡಾ. ಎಂ. ಸಿ. ಮೋದಿಯವರು ನೇತ್ರಶಿಬಿರಗಳನ್ನು ನಡೆಸಿ ಪೊರೆ ತೆಗೆದ ನಾಡು ನಮ್ಮದು. ಕಣ್ಣು ಮಸುಕಾಯಿತೆಂದರೆ ಪೊರೆಯೆಂದೇ ನಮ್ಮ ತಿಳಿವಳಿಕೆ. ಕಬ್ಬು ಸಾಗಿಸಿದ ಮೇಲೆ ತೋರಿಸಿದರಾಯಿತು ಎಂದುಕೊಂಡೆವು. ಎಂಟನೆಯ ದಿನ ಅವರ ಬಲಗೈ, ಬಲಗಾಲು ಬಿದ್ದುಹೋದವು.

ಎಡಗಣ್ಣಿಗೂ ಬಲಗೈಗೂ ಏನು ಸಂಬಂಧ? ಉತ್ತರವಿರುವುದು ಕೊರಳಿನಲ್ಲಿ. ಅದರ ಎರಡೂ ಬದಿಗೆ ಮಿಡಿಯುವ ಶೀರ್ಷಧಮನಿಯು ಗಂಟಲಮಣಿಯ ಮಟ್ಟದಲ್ಲಿ ಕವಲೊಡೆಯುತ್ತದೆ. ಒಂದು ಕವಲು ಮುಖಕ್ಕೆ. ಇನ್ನೊಂದು ತಲೆಬುರುಡೆಯೊಳಗೆ ಹೊಕ್ಕು ಮಿದುಳಿಗೆ. ಮಿದುಳಿಗೆ ಹೋಗುವ ಈ ಕವಲಿನ ಮೊದಲ ದೊಡ್ಡ ಟಿಸಿಲೇ ನೇತ್ರಧಮನಿ. ಹೀಗೆ ಎಡಗಣ್ಣಿಗೂ, ಬಲಗೈಯನ್ನು ಆಳುವ ಎಡಮಿದುಳಿಗೂ ನೀರುಣಿಸುವ ಕಾಲುವೆ ಒಂದೇ.

ಆ ಕವಲಿನ ಬಾಯಲ್ಲಿ ಕೊಬ್ಬು ಹೂಳಿನಂತೆ ಕೂರುತ್ತದೆ. ಹೂಳಿನ ಚೂರೊಂದು ಕಳಚಿ ತೇಲಿ ಬಂದು ಅಕ್ಷಿಪಟಲದ ಸಣ್ಣ ನಾಳದಲ್ಲಿ ಸಿಕ್ಕಿಕೊಂಡರೆ ಪರದೆ ಇಳಿಯುತ್ತದೆ. ಅದು ಒಡೆದು ಮುಂದೆ ಸರಿದರೆ ಪರದೆ ಏಳುತ್ತದೆ. ಹೆಲ್ಮ್‌ಹೋಲ್ಟ್ಸ್ 1851ರಲ್ಲಿ ಪ್ರಕಟಿಸಿದ ನೇತ್ರದರ್ಶಕದಿಂದ, ದೇಹವನ್ನು ಕೊಯ್ಯದೆಯೇ ಈ ನಾಳಗಳನ್ನು ನೋಡಬಹುದು. ಮಿಲ್ಲರ್ ಫಿಷರ್ ಎಂಬ ವೈದ್ಯರು ಇಂಥ ಕತ್ತಲು ಕವಿದ ಹೊತ್ತಿನಲ್ಲಿಯೇ ಬಿಳಿಯ ಚೂರುಗಳು ನಾಳದಲ್ಲಿ ಸರಿಯುವುದನ್ನು ಕಂಡು 1959ರಲ್ಲಿ ವರದಿ ಮಾಡಿದರು.

ಇನ್ನೊಂದು ಬಗೆಯ ಕೇಡು, ಧಮನಿಯೇ ಕಿರಿದಾಗುವುದು. ಕಣ್ಣುಗುಡ್ಡೆಯೊಳಗೆ ಪಾದರಸದ 10ರಿಂದ 21 ಮಿಲಿಮೀಟರಿನಷ್ಟು ಒತ್ತಡವಿದೆ. ಅದನ್ನು ಮೀರಿಯೇ ರಕ್ತ ಒಳಹೊಗಬೇಕು. ಆದ್ದರಿಂದಲೇ ಕಣ್ಣು ದಿಬ್ಬದ ಹೊಲ. ಆದರೂ ಪ್ರಕೃತಿ ಕರುಣಾಮಯಿ: ಕೊರಳ ಧಮನಿ ಪೂರ್ತಿ ಮುಚ್ಚಿದವರಲ್ಲಿಯೂ ಕೆಲವರಿಗೆ, ಮುಖದ ಕವಲಿನ ರಕ್ತ ನೇತ್ರಧಮನಿಯಲ್ಲಿ ಹಿಮ್ಮುಖವಾಗಿ ಹರಿದು ದೃಷ್ಟಿಯನ್ನೂ ಮಿದುಳನ್ನೂ ಕಾಯುವುದುಂಟು.

ಆ ಕರುಣೆಯನ್ನು ನೆಚ್ಚಿ ಕುಳಿತಿರಲಾಗದು. ಒಂದು ಕಣ್ಣು ಕ್ಷಣಕಾಲ ಕತ್ತಲಾಗಿ ತಿಳಿಯಾಯಿತೆಂದರೆ ಅದು ಗುಣವಲ್ಲ, ಮುನ್ಸೂಚನೆ. ಪಾರ್ಶ್ವವಾಯುವಿನ ಭಯ ಹೆಚ್ಚಾಗಿರುವುದು ಮೊದಲ ಕೆಲವು ದಿನಗಳಲ್ಲಿ, ಅದರಲ್ಲಿಯೂ ಮೊದಲ ಎರಡು ದಿನಗಳಲ್ಲಿ. ಅಂದೇ ದೊಡ್ಡ ಆಸ್ಪತ್ರೆಗೆ ಹೋದರೆ ಶಬ್ದತರಂಗದ ಡಾಪ್ಲರ್ ಪರೀಕ್ಷೆಯಿಂದ ಕೊರಳ ಧಮನಿಯನ್ನು ನೋಡುತ್ತಾರೆ. ರಕ್ತ ಹೆಪ್ಪುಗಟ್ಟದಂತೆ ಔಷಧಿ ಕೊಡುತ್ತಾರೆ. ಶೇಕಡಾ 70ಕ್ಕೂ ಮಿಗಿಲಾಗಿ ಕಿರಿದಾಗಿದ್ದರೆ ಹೂಳನ್ನು ತೆಗೆಯುವ ಶಸ್ತ್ರಚಿಕಿತ್ಸೆ ಅಪಾಯವನ್ನು ತಗ್ಗಿಸುತ್ತದೆಂದು 1991ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗಗಳು ತೋರಿಸಿಕೊಟ್ಟಿವೆ.

ನಮ್ಮ ಕಬ್ಬು ಆ ವರ್ಷ ಹೊತ್ತಿಗೆ ಸರಿಯಾಗಿ ಸಾಗಿತು. ಕಾಕಾ ಮಾತ್ರ ಮತ್ತೆ ಹೊಲದ ಬದುವಿನ ಮೇಲೆ ನಡೆಯಲಿಲ್ಲ.