ಅಲ್ಲ, ಇಲ್ಲ ಮತ್ತು ಜರ್ಮನ್ ನಿಷೇಧಪದಗಳು: ಕನ್ನಡ ಕಲಿಕಾರ್ಥಿಯ ದೃಷ್ಟಿಯಿಂದ

ಕನ್ನಡ ಮಾತೃಭಾಷೆಯ ವಿದ್ಯಾರ್ಥಿಗಳು ಸಾಮಾನ್ಯವಾಗಿ ಜರ್ಮನ್ ಭಾಷೆಯನ್ನು ಇಂಗ್ಲಿಷಿನ ಮೂಲಕ ಕಲಿಯುತ್ತಾರೆ. ಜರ್ಮನ್ ಮಾತೃಭಾಷೆಯವರಾಗಿದ್ದ ಫರ್ಡಿನೆಂಡ್ ಕಿಟ್ಟೆಲ್ ಅವರೂ ತಮ್ಮ ಕನ್ನಡ ನಿಘಂಟನ್ನು (1894) ಹಾಗೂ ಕನ್ನಡ ವ್ಯಾಕರಣವನ್ನು (1903) ಇಂಗ್ಲಿಷಿನಲ್ಲಿಯೇ ರಚಿಸಿದರು. ಎರಡು ಭಾಷೆಗಳನ್ನು ನೇರವಾಗಿ ಹೋಲಿಸಿದಾಗ ಮಾತ್ರ ಕಾಣುವ ಕೆಲವು ಸಂಗತಿಗಳು ಈ ಮಧ್ಯಸ್ಥಿಕೆಯಲ್ಲಿ ಮರೆಯಾಗುತ್ತವೆ. ನಿಷೇಧವು ಅಂಥದೊಂದು.

ಕನ್ನಡದ 'ಅಲ್ಲ' ತಾದಾತ್ಮ್ಯವನ್ನು ಅಥವಾ ಗುಣವನ್ನು ನಿರಾಕರಿಸುತ್ತದೆ. 'ಇಲ್ಲ' ಅಸ್ತಿತ್ವವನ್ನು ಮತ್ತು ಕ್ರಿಯೆಯನ್ನು ನಿರಾಕರಿಸುತ್ತದೆ. ಜರ್ಮನ್‌ನಲ್ಲಿಯೂ ಮುಖ್ಯ ನಿಷೇಧಪದಗಳು ಎರಡು: 'ನಿಶ್ಟ್' ಮತ್ತು 'ಕೈನ್'. ಆದ್ದರಿಂದ 'ಅಲ್ಲ' ಎಂದರೆ ನಿಶ್ಟ್, 'ಇಲ್ಲ' ಎಂದರೆ ಕೈನ್ ಎಂಬ ಸಮೀಕರಣ ಕಲಿಕಾರ್ಥಿಗೆ ಸಹಜವಾಗಿ ತೋರುತ್ತದೆ. ಕೆಳಗಿನ ವಾಕ್ಯಗಳು ಅದನ್ನು ಪರೀಕ್ಷೆಗೆ ಒಡ್ಡುತ್ತವೆ.

(1) ಇದು ನಮ್ಮ ಕಾಫಿ ಅಲ್ಲ: ದಾಸ್ ಇಸ್ಟ್ ನಿಶ್ಟ್ ಉನ್ಜರ್ ಕಾಫೀ.
(2) ನಮ್ಮಲ್ಲಿ ಕಾಫಿ ಇಲ್ಲ: ವೀರ್ ಹಾಬೆನ್ ಕೈನೆನ್ ಕಾಫೀ.
(3) ಇದು ಕಾಫಿ ಅಲ್ಲ: ದಾಸ್ ಇಸ್ಟ್ ಕೈನ್ ಕಾಫೀ.
(4) ಕಾಫಿ ಒಣಗುವುದಿಲ್ಲ: ಡೆರ್ ಕಾಫೀ ಟ್ರೋಕ್ನೆಟ್ ನಿಶ್ಟ್.

(1) ಮತ್ತು (2) ಸಮೀಕರಣವನ್ನು ಸಮರ್ಥಿಸುತ್ತವೆ. (3) ಮತ್ತು (4) ಅದನ್ನು ತಲೆಕೆಳಗು ಮಾಡುತ್ತವೆ. ಕನ್ನಡದ ಆಯ್ಕೆಯನ್ನು ಆಖ್ಯಾತದ ಸ್ವರೂಪ ನಿರ್ಧರಿಸಿದರೆ, ಜರ್ಮನ್‌ನ ಆಯ್ಕೆಯನ್ನು ನಾಮಪದದ ನಿರ್ದಿಷ್ಟತೆ ನಿರ್ಧರಿಸುತ್ತದೆ. ಅನಿರ್ದಿಷ್ಟ ಉಪಪದವಿರುವ ಅಥವಾ ಉಪಪದವೇ ಇಲ್ಲದ ನಾಮಪದವನ್ನು ನಿರಾಕರಿಸಲು ಸಾಮಾನ್ಯವಾಗಿ ಕೈನ್ ಬರುತ್ತದೆ ಮತ್ತು ಅದು ಲಿಂಗ, ವಚನ, ವಿಭಕ್ತಿಗಳಿಗೆ ತಕ್ಕಂತೆ ರೂಪ ಬದಲಿಸುತ್ತದೆ. ಉಳಿದೆಡೆ ನಿಶ್ಟ್. ಅರ್ಧದಷ್ಟು ವಾಕ್ಯಗಳಲ್ಲಿ ಸರಿಯುತ್ತರ ಕೊಡುವುದರಿಂದಲೇ ತಪ್ಪು ಸಮೀಕರಣವು ಬಹುಕಾಲ ಬಾಳುತ್ತದೆ.

ಹಾಗಾದರೆ ಅಲ್ಲ–ಇಲ್ಲ ಭೇದ ಕಲಿಕೆಗೆ ನಿರುಪಯುಕ್ತವೇ? ಅಲ್ಲ. ಅದರ ಪ್ರಯೋಜನವಿರುವುದು ನಿಷೇಧಪದದ ಆಯ್ಕೆಯಲ್ಲಲ್ಲ, ನಿಶ್ಟ್ ಪದದ ಸ್ಥಾನನಿರ್ಣಯದಲ್ಲಿ.

(5) ನಾವು ಇಂದು ಕೆಲಸ ಮಾಡುವುದಿಲ್ಲ: ವೀರ್ ಆರ್ಬೈಟೆನ್ ಹೊಯ್ಟೆ ನಿಶ್ಟ್.
(6) ನಾವು ಕೆಲಸ ಮಾಡುವುದು ಇಂದಲ್ಲ, ನಾಳೆ: ವೀರ್ ಆರ್ಬೈಟೆನ್ ನಿಶ್ಟ್ ಹೊಯ್ಟೆ, ಜೋಂಡರ್ನ್ ಮೊರ್ಗೆನ್.

(5) ವಾಕ್ಯನಿಷೇಧ, (6) ಘಟಕನಿಷೇಧ. ಕನ್ನಡವು ಪದವನ್ನೂ ರಚನೆಯನ್ನೂ ಬದಲಿಸಿ ತೋರುವ ಭೇದವನ್ನು ಜರ್ಮನ್ ಇಲ್ಲಿ ಪದಕ್ರಮದಿಂದ ತೋರುತ್ತದೆ. ಈ ಸೂತ್ರಕ್ಕೂ ಮಿತಿಯಿದೆ. 'ನಾವು ಕಳಸದಲ್ಲಿ ಇಲ್ಲ', 'ನಾವಿರುವುದು ಕಳಸದಲ್ಲಲ್ಲ' ಎಂಬ ಎರಡಕ್ಕೂ ಜರ್ಮನ್ ವಾಕ್ಯ ಒಂದೇ: ವೀರ್ ಜಿಂಟ್ ನಿಶ್ಟ್ ಇನ್ ಕಳಸ. ಸ್ಥಳವಾಚಿ ಪೂರಕದ ಮುಂಚೆ ನಿಶ್ಟ್ ಹೇಗೂ ಬರುವುದರಿಂದ, ಭೇದವನ್ನು ಒತ್ತು ಅಥವಾ ಮುಂದುವರಿಯುವ 'ಜೋಂಡರ್ನ್' ಮಾತ್ರ ಸೂಚಿಸಬಲ್ಲದು.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯಂಥ ಬಹುಭಾಷಿಕ ಪರಿಸರದಲ್ಲಿ ಬೋಧಕರು ಇನ್ನೊಂದು ಅಂಶವನ್ನು ಗಮನಿಸಬೇಕು. ತುಳು ಮನೆಮಾತಿನವರಿಗೆ 'ಅತ್ತ್–ಇಜ್ಜಿ' ಜೋಡಿಯಿಂದ ಈ ಭೇದ ಪರಿಚಿತ. ಇಂದಿನ ಆಡುಮಾತಿನ ತಮಿಳಿನಲ್ಲಾದರೋ 'ಇಲ್ಲೈ' ಬಹುಮಟ್ಟಿಗೆ ಎರಡೂ ಕೆಲಸಗಳನ್ನು ಮಾಡುತ್ತದೆ. ಆ ಮನೆಮಾತಿನ ವಿದ್ಯಾರ್ಥಿಗೆ ಪದದ ಸುಳಿವಿಗಿಂತ (6)ರ ವಾಕ್ಯರಚನೆಯೇ ಆಧಾರವಾಗಬೇಕು.

ಆದ್ದರಿಂದ ಪಾಠವನ್ನು ಎರಡು ಹಂತಗಳಲ್ಲಿ ನಡೆಸುವುದು ಉಚಿತ. ಮೊದಲು, ನಾಮಪದ ಅನಿರ್ದಿಷ್ಟವೇ ಎಂದು ಕೇಳಿ ಕೈನ್ ಅಥವಾ ನಿಶ್ಟ್ ಆರಿಸುವುದು. ಇಲ್ಲಿ ಕನ್ನಡಾನುವಾದವನ್ನು ದೂರವಿಡಬೇಕು. ಆಮೇಲೆ, ನಿಶ್ಟ್ ಎಲ್ಲಿ ನಿಲ್ಲಬೇಕೆಂದು ತಿಳಿಯಲು ವಾಕ್ಯವನ್ನು ಕನ್ನಡಕ್ಕೆ ತಿರುಗಿಸುವುದು. ಇಲ್ಲಿ ಮಾತೃಭಾಷೆಯೇ ಅತ್ಯುತ್ತಮ ಸಾಧನ.