ಸಾಕಿದ ಇರುವೆಗೆ ಚಳಿಗಾಲದ ನಿದ್ರೆ ಬೇಕೆ?

ಗಿಳಿ, ನಾಯಿ, ಬಣ್ಣದ ಮೀನುಗಳನ್ನು ಸಾಕುವವರಂತೆಯೇ ಇರುವೆಗಳನ್ನು ಸಾಕುವವರೂ ಉಂಟು. ಇದು ಇಂದಿನ ಹುಚ್ಚಲ್ಲ. ಇಂಗ್ಲೆಂಡಿನ ಸರ್ ಜಾನ್ ಲಬಕ್ ಅವರು ಎರಡು ಗಾಜಿನ ಹಲಗೆಗಳ ನಡುವೆ ತೆಳುವಾಗಿ ಮಣ್ಣು ಹರಡಿ, ಅದರಲ್ಲಿ ಇರುವೆಗಳ ಸಂಸಾರವನ್ನೇ ನೆಲೆಗೊಳಿಸಿದ್ದರು. 1874ರಲ್ಲಿ ಅವರು ತಂದಿಟ್ಟ ರಾಣಿಯೊಂದು 1888ರವರೆಗೂ ಜೀವಿಸಿತ್ತು. ಇಷ್ಟು ದೀರ್ಘಾಯುವಾದ ಜೀವಿಯನ್ನು ಮನೆಗೆ ತಂದವರು ಅದರ ಋತುಧರ್ಮವನ್ನೂ ಅರಿತಿರಬೇಕಾಗುತ್ತದೆ.

ಯೂರೋಪಿನ ತೋಟಗಳ ಸಾಮಾನ್ಯ ಕಪ್ಪು ಇರುವೆಯನ್ನೇ ನೋಡೋಣ. ಶಾಸ್ತ್ರಜ್ಞರು ಇದನ್ನು ಲೇಸಿಯಸ್ ನೈಗರ್ ಎನ್ನುತ್ತಾರೆ. ಶರತ್ಕಾಲ ಬಂತೆಂದರೆ ಇದರ ಆಳುಗಳು ಹೊಟ್ಟೆ ತುಂಬ ತಿಂದು ಮೈಯಲ್ಲಿ ಕೊಬ್ಬನ್ನು ಕೂಡಿಟ್ಟುಕೊಳ್ಳುತ್ತವೆ. ರಾಣಿ ಮೊಟ್ಟೆಯಿಡುವುದನ್ನು ನಿಲ್ಲಿಸುತ್ತದೆ. ಮರಿಹುಳುಗಳ ಬೆಳವಣಿಗೆ ಅಲ್ಲಿಗೇ ತಡೆಯುತ್ತದೆ. ಎಲ್ಲವೂ ನೆಲದಾಳದಲ್ಲಿ ಒತ್ತಾಗಿ ಸೇರಿ, ಅಲುಗಾಡದೆ ಚಳಿಗಾಲವನ್ನು ಕಳೆಯುತ್ತವೆ.

ಹಾಗಾದರೆ ಗೂಡನ್ನು ಬೆಚ್ಚಗಿನ ಕೋಣೆಯಲ್ಲಿಟ್ಟರೆ ನಿದ್ರೆ ಬೇಕಿಲ್ಲವಲ್ಲ ಎನ್ನಬಹುದು. ಸ್ವಾರಸ್ಯವಿರುವುದು ಇಲ್ಲಿಯೇ. ಈ ಜಾತಿಯ ನಿದ್ರೆಗೆ ಹೊರಗಿನ ಚಳಿಯೊಂದೇ ಕಾರಣವಲ್ಲ. ಮೈಯೊಳಗೇ ಒಂದು ಪಂಚಾಂಗವಿದೆ. ಬೆಚ್ಚಗಿಟ್ಟರೂ ಕೆಲವು ತಿಂಗಳ ಬಳಿಕ ರಾಣಿಯ ಮೊಟ್ಟೆ ನಿಲ್ಲುತ್ತದೆ. ಆದರೆ ಶಾಖದಿಂದಾಗಿ ಆಳುಗಳಿಗೆ ವಿಶ್ರಾಂತಿಯಿಲ್ಲ; ಕೂಡಿಟ್ಟ ಕೊಬ್ಬು ಬೇಗ ಕರಗುತ್ತದೆ. ಅತ್ತ ಸಂತಾನವೂ ಇಲ್ಲ, ಇತ್ತ ನಿದ್ರೆಯೂ ಇಲ್ಲ. ಸಂಸಾರ ಕ್ರಮೇಣ ಸೊರಗುತ್ತದೆ. ಹಲವು ವಾರಗಳ ತಂಪನ್ನು ಅನುಭವಿಸಿದ ಮೇಲೆಯೇ ಆ ಪಂಚಾಂಗದ ಹಾಳೆ ಮಗುಚುವುದು.

ಆದುದರಿಂದ ಅಲ್ಲಿಯ ಅನುಭವಿಗಳು ಅಕ್ಟೋಬರಿನ ಹೊತ್ತಿಗೆ ಗೂಡನ್ನು ಹಂತಹಂತವಾಗಿ ತಂಪುಗೊಳಿಸಿ, ಮಾರ್ಚಿಯವರೆಗೆ 5ರಿಂದ 8 ಡಿಗ್ರಿ ಸೆಂಟಿಗ್ರೇಡಿನಲ್ಲಿ ಇಡುತ್ತಾರೆ. ಆಗ ಆಹಾರ ಅಷ್ಟಾಗಿ ಬೇಡ. ನೀರು ಮಾತ್ರ ಆರಬಾರದು. ಹೆಪ್ಪುಗಟ್ಟುವ ಚಳಿ ಸಲ್ಲದು. ವಸಂತದಲ್ಲಿ ಎಬ್ಬಿಸುವಾಗಲೂ ಆತುರ ಕೂಡದು. ಶಾಖವನ್ನು ಮೆಲ್ಲಮೆಲ್ಲನೆ ಏರಿಸಬೇಕು.

ಇನ್ನು ನಮ್ಮ ನಾಡಿನ ಮಾತು. ವಿದೇಶದ ಈ ಉಪದೇಶವನ್ನು ಓದಿ ಇಲ್ಲಿಯ ಗೊದ್ದವನ್ನೋ ಮಲೆನಾಡಿನ ಚಗಳಿಯನ್ನೋ ಶೀತಪೆಟ್ಟಿಗೆಯಲ್ಲಿಟ್ಟರೆ ಅದು ಉಪಚಾರವಲ್ಲ, ಅಪಚಾರ. ಬೆಂಗಳೂರಿನ ಡಿಸೆಂಬರ್ ರಾತ್ರಿಯಲ್ಲಿಯೂ ಉಷ್ಣತೆ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಅಂತಹ ಹವೆಯಲ್ಲಿ ಬಾಳಿದ ಇರುವೆಗಳು ತಿಂಗಳುಗಟ್ಟಲೆ 5 ಡಿಗ್ರಿಯ ಚಳಿಗೆ ಸಿದ್ಧವಾದವುಗಳಲ್ಲ. ತಂಪಿನ ದಿನಗಳಲ್ಲಿ ಅವು ತುಸು ನಿಧಾನವಾಗಬಹುದು, ಆಹಾರವನ್ನು ಕಡಿಮೆ ಮಾಡಬಹುದು. ಆಗ ಅವುಗಳ ಪಾಡಿಗೆ ಬಿಟ್ಟು, ನೀರು ಒದಗಿಸಿದರೆ ಸಾಕು.

ಹೀಗಾಗಿ ಇರುವೆ ಸಾಕಬಯಸುವವರು ಮೊದಲು ಕೇಳಬೇಕಾದ ಪ್ರಶ್ನೆ, ಇದರ ತವರು ಯಾವುದು ಎಂಬುದು. ಹಿಮ ಬೀಳುವ ನಾಡಿನದಾದರೆ ನಿದ್ರೆಯನ್ನು ತಪ್ಪಿಸಬಾರದು. ನಮ್ಮ ಅಂಗಳದ್ದಾದರೆ ನಿದ್ರೆಯನ್ನು ಹೇರಬಾರದು.